ಮಿತಿಯ ಮೇಲೆ ಇಟ್ಟ ಒಂದು

ಸುಧಾಳಿಗೆ ಶಾಲು ಹೊದಿಸಿದ ದಿನ ಸಭಾಂಗಣದಲ್ಲಿದ್ದವರೆಲ್ಲ ಅವಳ ಮಾತಿಗೆ ಚಪ್ಪಾಳೆ ತಟ್ಟಿದರು. ಅವಳು ಹೇಳಿದ್ದು ಚಪ್ಪಾಳೆ ತಟ್ಟುವ ಮಾತಾಗಿರಲಿಲ್ಲ. ಅದು ಎಂಥ ಮಾತು ಎಂದು ತಿಳಿಯಬೇಕಾದರೆ ಮೊದಲು ಅವಳ ಕೆಲಸ ಏನು ಎಂದು ಸ್ವಲ್ಪ ತಿಳಿದುಕೊಳ್ಳಬೇಕು.

ಸುಧಾ ಲೋಕಿಕೆರೆಯ ತಿಪ್ಪೇರುದ್ರಪ್ಪ ಮತ್ತು ಕೆಂಚಕ್ಕನ ಮಗಳು. ದಾವಣಗೆರೆಯಲ್ಲೇ ಎಂಜಿನಿಯರಿಂಗ್ ಓದಿ, ಕೆ.ಬಿ. ಬಡಾವಣೆಯ ಒಂದು ಜೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಸಣ್ಣ ಕಂಪನಿಗೆ ಸೇರಿದಳು. ಕಂಪನಿಯ ಮಾಲೀಕ ಮಹಾಂತೇಶ್. ಅಲ್ಲಿ ನೀರಿನ ಮೋಟರುಗಳಿಗೆ ಜೋಡಿಸುವ ಪೆಟ್ಟಿಗೆಗಳನ್ನು ಮಾಡುತ್ತಾರೆ. ಒಂದು ಪೆಟ್ಟಿಗೆ ಮೋಟರಿನ ಹತ್ತಿರ, ಇನ್ನೊಂದು ನೀರಿನ ಟ್ಯಾಂಕಿನ ಹತ್ತಿರ. ನಡುವೆ ಕೇಬಲ್. ಟ್ಯಾಂಕು ತುಂಬಿತು ಎಂದು ಆ ಪೆಟ್ಟಿಗೆ ಹೇಳಿದರೆ ಈ ಪೆಟ್ಟಿಗೆ ಮೋಟರು ನಿಲ್ಲಿಸುತ್ತದೆ. ಎರಡರ ನಡುವಿನ ಸಂಪರ್ಕ ಕಡಿದುಹೋದರೂ ಮೋಟರು ನಿಲ್ಲುತ್ತದೆ, ಆಮೇಲೆ ಯಾರಾದರೂ ಹೋಗಿ ಬಟನ್ ಒತ್ತಿದರೇ ಮತ್ತೆ ಶುರುವಾಗುವುದು.

ಪೆಟ್ಟಿಗೆಯ ಒಳಗೆ ಒಂದು ಆಪರೇಟಿಂಗ್ ಸಿಸ್ಟಮ್ ಇರುತ್ತದೆ. ಫೋನಿನಲ್ಲಿರುವಂಥದ್ದೇ, ಆದರೆ ಬಹಳ ಚಿಕ್ಕದು. ಅದನ್ನು ಯಾರೋ ಒಬ್ಬರು ಮಾರುವುದಿಲ್ಲ. ಬೇರೆ ಬೇರೆ ದೇಶದವರು ಕೂಡಿ ಬರೆದು ಎಲ್ಲರಿಗೂ ಪುಕ್ಕಟೆ ಬಿಟ್ಟುಕೊಟ್ಟಿದ್ದಾರೆ. ತಪ್ಪು ಕಂಡವರು ತಿದ್ದಿ ಕಳಿಸಬಹುದು. ಆ ಗುಂಪಿನ ಹಿರಿಯರು ನೋಡಿ ಒಪ್ಪಿದರೆ ತಿದ್ದಿದ್ದು ಎಲ್ಲರ ಪೆಟ್ಟಿಗೆಗಳಿಗೂ ಹೋಗುತ್ತದೆ. ಕಂಪನಿಯಲ್ಲಿ ಅದರ ನೆಟ್‌ವರ್ಕ್ ಭಾಗವನ್ನು ನೋಡಿಕೊಳ್ಳುವವಳು ಸುಧಾ.

ಒಂದು ಪೆಟ್ಟಿಗೆ ಇನ್ನೊಂದನ್ನು ಏನಾದರೂ ಕೇಳಿದಾಗ ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು ಎಂದು ಮೊದಲೇ ಹೇಳಿಡಬೇಕು. ನಾವು ಸೆಕೆಂಡಿನ ಲೆಕ್ಕದಲ್ಲಿ ಹೇಳುತ್ತೇವೆ. ಸಿಸ್ಟಮ್ ಅದನ್ನು ತನ್ನ ಗಡಿಯಾರದ ಬಡಿತಗಳಿಗೆ ಬದಲಾಯಿಸಿಕೊಳ್ಳುತ್ತದೆ. ಸೆಕೆಂಡಿಗೆ ಸಾವಿರ ಬಡಿತ, ಆದ್ದರಿಂದ ಸಾವಿರದಿಂದ ಗುಣಿಸುತ್ತದೆ. ಗುಣಿಸಿ ಬಂದದ್ದನ್ನು ಇಟ್ಟುಕೊಳ್ಳುವ ಜಾಗಕ್ಕೆ ಒಂದು ಮಿತಿಯುಂಟು. ಹಳೆಯ ಸ್ಕೂಟರಿನ ಮೀಟರಿನಲ್ಲಿ ಎಲ್ಲ ಮನೆಗಳಲ್ಲೂ ಒಂಬತ್ತು ಬಂದ ಮೇಲೆ ಮತ್ತೆ ಸೊನ್ನೆ ಬರುತ್ತದಲ್ಲ, ಹಾಗೆ ಮಿತಿ ಮೀರಿದರೆ ಈ ಸಂಖ್ಯೆಯೂ ತಿರುಗುತ್ತದೆ. ಸ್ಕೂಟರಿನದು ಸೊನ್ನೆಗೆ ನಿಲ್ಲುತ್ತದೆ, ಇದು ಸೊನ್ನೆಗಿಂತಲೂ ಕೆಳಗೆ ಇಳಿಯುತ್ತದೆ. ಆಗ ಸಿಸ್ಟಮ್, ಕಾಯಬೇಕಾದ ಹೊತ್ತು ಆಗಲೇ ಮುಗಿದುಹೋಗಿದೆ ಎಂದು ತಿಳಿದು ಸಂಪರ್ಕ ಕಡಿಯುತ್ತದೆ. ಬಹಳ ಹೊತ್ತು ಕಾಯಿ ಎಂದರೆ ಪೆಟ್ಟಿಗೆ ಒಂದು ಗಳಿಗೆಯೂ ಕಾಯುವುದಿಲ್ಲ.

ಈ ದೋಷವನ್ನು ಸುಧಾ ತಿದ್ದಿದಳು. ಬಂದ ಸಂಖ್ಯೆ ಜಾಗಕ್ಕಿಂತ ದೊಡ್ಡದಾದರೆ ಅದನ್ನು ಮಿತಿಯಲ್ಲೇ ನಿಲ್ಲಿಸಬೇಕು ಎಂದು ಬರೆದಳು. ಹೊರದೇಶದ ಆ ಗುಂಪಿನವರು ನೋಡಿ ಒಪ್ಪಿದರು. ಅವಳ ಹೆಸರು ಅದರಲ್ಲಿ ಸೇರಿತು.

ಮಹಾಂತೇಶ್‌ಗೆ ಸಂತೋಷ ತಡೆಯಲಾಗಲಿಲ್ಲ. ಅವನ ಸೋದರಮಾವ ಬಕ್ಕೇಶಪ್ಪ ವರ್ತಕರ ಸಂಘವೊಂದರ ಅಧ್ಯಕ್ಷರು. ಹತ್ತಿ ವ್ಯಾಪಾರದವರು, ಸನ್ಮಾನ ಮಾಡುವುದೆಂದರೆ ಅವರಿಗೆ ಬಹಳ ಇಷ್ಟ.

"ಏನು ಮಾಡ್ಯಾಳೋ ಆ ಹುಡುಗಿ?" ಎಂದು ಅವರು ಕೇಳಿದರು.

"ಟೈಮ್ ಓವರ್‌ಫ್ಲೋ ಆಗೋದನ್ನ ತಡದಾಳೆ ಮಾವ. ಎಲ್ಲ ದೇಶದಾಗೂ ಅದನ್ನ ಬಳಸ್ತಾರೆ."

"ಟೈಮ್ ಉಕ್ಕತೈತೇನೋ?"

"ಕಂಪ್ಯೂಟರ್ ಒಳಗೆ ಉಕ್ಕತೈತೆ ಮಾವ."

"ಹಂಗಾರೆ ಶಾಲು ಹೊದಿಸಾನ ಬಿಡು. ಪೇಟನೂ ತರ್ಸು."

ಆಹ್ವಾನ ಪತ್ರಿಕೆ ಅಚ್ಚಾಯಿತು. ಲೋಕಿಕೆರೆಯಲ್ಲಿ ತಿಪ್ಪೇರುದ್ರಪ್ಪ ಅದನ್ನು ಮನೆಮನೆಗೆ ತಾನೇ ಕೊಟ್ಟು ಬಂದ. ನೆಂಟರಿಗೆಂದು ಒಂದು ಟೆಂಪೊ ಗೊತ್ತುಮಾಡಿದ.

ಅದೇ ದಿನಗಳಲ್ಲಿ ಹರಿಹರದ ಒಂದು ಬಡಾವಣೆಗೆ ಕಂಪನಿಯ ಹೊಸ ಪೆಟ್ಟಿಗೆಗಳು ಹೋದವು. ಹೊಳೆಯ ದಂಡೆಯಲ್ಲಿ ಆ ಬಡಾವಣೆಯವರದೇ ಮೋಟರ್ ಮನೆ ಇದೆ. ನಿವಾಸಿಗಳ ಸಂಘದ ಕೊಟ್ಟೂರಪ್ಪ ಎಂಬ ನಿವೃತ್ತ ಮೇಷ್ಟ್ರು ಅದನ್ನು ನೋಡಿಕೊಳ್ಳುತ್ತಾರೆ. ಪೆಟ್ಟಿಗೆ ಕೂರಿಸಿ ಕೇಬಲ್ ಎಳೆಯುವ ಕೆಲಸ ಹಿಡಿದವನು ರಿಯಾಜ್. ಹರಿಹರದಲ್ಲಿ ಅವನ ತಂದೆ ಮಸ್ತಾನಸಾಬ್ ವೈರಿಂಗ್ ಕೆಲಸಕ್ಕೆ ಹೆಸರಾದವರು. ರಿಯಾಜ್ ತನ್ನ ಹೆಸರನ್ನು ಈಗ ಮಾಡಿಕೊಳ್ಳುತ್ತಿದ್ದ. ಈ ಟ್ಯಾಂಕಿನ ಕೆಲಸ ಸರಿಯಾದರೆ ಬಡಾವಣೆಯ ಉಳಿದ ಟ್ಯಾಂಕುಗಳ ಕೆಲಸವೂ ಅವನಿಗೇ ಎಂದು ಮಾತಾಗಿತ್ತು.

ಪೆಟ್ಟಿಗೆಯಲ್ಲಿ ಒಂದು ಸಣ್ಣ ಸ್ವಿಚ್ ಇತ್ತು. ಒಂದು ಕಡೆ 'ಸ್ವಲ್ಪ ಹೊತ್ತು', ಇನ್ನೊಂದು ಕಡೆ 'ಎಷ್ಟು ಹೊತ್ತಾದರೂ'. ಟ್ಯಾಂಕಿನ ಕಡೆ ಕರೆಂಟು ಮೇಲಿಂದ ಮೇಲೆ ಹೋಗುತ್ತದೆ. ಹೋದಾಗಲೆಲ್ಲ ಸಂಪರ್ಕ ಕಡಿದರೆ ಹೊಳೆ ದಂಡೆಗೆ ಓಡಿ ಬಟನ್ ಒತ್ತಬೇಕಾಗುತ್ತದೆ. ಅದಕ್ಕೆ ಹರಿಹರದವರಿಗೆ ಬೇಕಾಗಿದ್ದುದು ಎರಡನೆಯದು. ಅದನ್ನು ಒತ್ತಿದರೆ ಒಳಗೆ ಬರೀ ಒಂಬತ್ತುಗಳ ಒಂದು ದೊಡ್ಡ ಸಂಖ್ಯೆ ತುಂಬಿಕೊಳ್ಳುತ್ತಿತ್ತು. "ಧೈರ್ಯವಾಗಿ ಹಾಕ್ರಿ, ಇನ್ನು ಕಟ್ ಆಗೋ ಭಯ ಇಲ್ಲ" ಎಂದು ರಿಯಾಜ್‌ಗೆ ಹೇಳಿದವಳು ಸುಧಾಳೇ.

ಅವನು ಫೋನ್ ಮಾಡಿದಾಗ ಅವಳು ಆಫೀಸಿನಲ್ಲಿ ಎಲ್ಲರ ಎದುರು ಕೂತಿದ್ದಳು. ಫೋನು ಸ್ಪೀಕರಿನಲ್ಲಿತ್ತು.

"ಮೇಡಂ, ಸ್ವಲ್ಪ ಹೊತ್ತು ಅನ್ನೋದ್ರಾಗೆ ಓಡ್ತೈತೆ. ಎಷ್ಟೊತ್ತಾದ್ರೂ ಅಂತ ಒತ್ತಿದ್ರೆ ಕೂಡ್ಲೆ ಕಟ್ ಆಗ್ತೈತೆ."

"ಆಗಾಕೆ ಸಾಧ್ಯನೇ ಇಲ್ಲ ರಿಯಾಜಣ್ಣ. ಅದನ್ನ ತಡೆಯಾಕಂತಾನೇ ನಾನು ಬರ್ದಿರೋದು. ಕೇಬಲ್ ನೋಡ್ರಿ."

"ಕೇಬಲ್ ನಾನೇ ಎಳ್ದಿದ್ದು ಮೇಡಂ."

"ಅದಕ್ಕೇ ನೋಡ್ರಿ ಅಂದೆ."

ಆಫೀಸಿನವರು ನಕ್ಕರು. ಸುಧಾ ಯಾವಾಗಲೂ ಮೆತ್ತಗೆ ಮಾತಾಡುವವಳು, ಹಾಗೆ ಚುರುಕಾಗಿ ಉತ್ತರ ಕೊಟ್ಟು ರೂಢಿಯಿಲ್ಲ. ತನ್ನ ಮಾತಿಗೆ ನಾಲ್ಕು ಜನ ನಕ್ಕದ್ದು ಅವಳಿಗೆ ಹಿತವಾಯಿತು. ಆ ಹಿತವೇ ಆಮೇಲೆ ಅವಳನ್ನು ಎಲ್ಲಕ್ಕಿಂತ ಹೆಚ್ಚು ಸುಟ್ಟದ್ದು.

"ಕೇಬಲ್ ಕೆಟ್ಟಿದ್ರೆ ಆ ಕಡೆ ಒತ್ತಿದಾಗ ಹೆಂಗೆ ಓಡ್ತೈತೆ ಮೇಡಂ?" ಎಂದು ರಿಯಾಜ್ ಕೇಳಿದ.

ಎಲ್ಲರೂ ಅವಳನ್ನೇ ನೋಡುತ್ತಿದ್ದರು. "ಜಾಸ್ತಿ ಹೊತ್ತು ಕಾಯಾಕೆ ಕೇಬಲ್ ಗಟ್ಟಿ ಇರ್ಬೇಕು. ಎಲ್ಲೋ ಜಾಯಿಂಟ್ ಲೂಸ್ ಆಗಿರ್ತೈತೆ" ಎಂದಳು. ಅಂಥ ನಿಯಮ ಯಾವುದೂ ಇಲ್ಲ. ಹೇಳುತ್ತಿರುವಾಗಲೇ ಅವಳಿಗೆ ಅದು ಅರ್ಧ ಗೊತ್ತಿತ್ತು. ಆದರೂ ಹೇಳಿದಳು.

ರಿಯಾಜ್ ನಂಬಿದ. ಹೊಳೆ ದಂಡೆಯಿಂದ ಟ್ಯಾಂಕಿನವರೆಗೆ ಕೇಬಲ್‌ಗೆಂದು ತೋಡಿ ಮುಚ್ಚಿದ್ದ ಕಾಲುವೆಯನ್ನು ಮತ್ತೆ ಅಗೆಸಿ, ಕೇಬಲ್ ತೆಗೆದು, ಹೊಸದು ಹಾಕಿದ. ದಂಡೆಯ ಮಣ್ಣು ಒಣಗಿ ಕಲ್ಲಾಗಿತ್ತು. ಕೂಲಿಯವರ ಜೊತೆ ತಾನೂ ಸಲಾಕೆ ಹಿಡಿದ. ಹೊಸ ಕೇಬಲ್ ಹಾಕಿದ ಮೇಲೂ ಸ್ವಿಚ್ ಒತ್ತಿದ ಕೂಡಲೆ ಸಂಪರ್ಕ ಕಡಿಯಿತು. ಅಗೆಯುವಷ್ಟು ದಿನವೂ ಮೋಟರು ನಿಂತಿತ್ತು, ಬಡಾವಣೆಯಲ್ಲಿ ನೀರಿಲ್ಲದೆ ಜನ ಕೊಟ್ಟೂರಪ್ಪನವರ ಮನೆ ಮುಂದೆ ಕೊಡ ಇಟ್ಟು ಬೈದು ಹೋದರು.

ಕೊಟ್ಟೂರಪ್ಪನವರು ಸುಧಾಳಿಗೇ ಫೋನ್ ಮಾಡಿದರು. "ಪೆಟ್ಟಿಗೆದು ತಪ್ಪೋ, ವೈರಿಂಗ್‌ದು ತಪ್ಪೋ, ಒಂದು ಮಾತು ಹೇಳಮ್ಮ."

"ನಮ್ಮ ಕಡೆ ತಪ್ಪಿಲ್ಲ ಸರ್. ವೈರಿಂಗ್ ಬೇರೇರ ಹತ್ರ ನೋಡಿಸ್ರಿ."

"ಅವ್ರಪ್ಪ ಹಾಕಿದ ವೈರಿಂಗು ನಮ್ಮನೇಲಿ ಇವತ್ತಿಗೂ ಅಲ್ಲಾಡಿಲ್ಲ. ಮಗನ ಕೈ ಯಾಕ ಹಿಂಗೋ" ಎಂದು ಅವರು ಫೋನ್ ಇಟ್ಟರು.

ಸನ್ಮಾನದ ದಿನ ಬೆಳಿಗ್ಗೆ ರಿಯಾಜ್ ಒಂದು ವಿಡಿಯೊ ಕಳಿಸಿದ. ಮೋಟರ್ ಮನೆಯ ನೆಲದ ಮೇಲೆ ಎರಡೂ ಪೆಟ್ಟಿಗೆಗಳನ್ನು ಅಕ್ಕಪಕ್ಕ ಇಟ್ಟಿದ್ದ. ನಡುವೆ ಒಂದು ಗೇಣಿನ ವೈರು. "ಈಗ ಕೇಬಲ್ ಇಲ್ಲೇ ಐತೆ ನೋಡ್ರಿ ಮೇಡಂ. ಇವತ್ತು ಸಂಜೆ ಈ ಕೆಲಸ ಬೇರೇರಿಗೆ ಕೊಡ್ತಾರಂತೆ" ಎಂದು ಅವನ ದನಿ ಕೇಳಿಸುತ್ತಿತ್ತು. ಅವನ ಬೆರಳು ಸ್ವಿಚ್ ಒತ್ತಿತು. ಹಸಿರು ದೀಪ ಕೆಂಪಾಯಿತು. ಬೆರಳಿಗೆ ಬಟ್ಟೆಯ ಪಟ್ಟಿ ಸುತ್ತಿತ್ತು.

ಸುಧಾ ಆಫೀಸಿಗೆ ಹೋಗಿ ಎರಡು ಪೆಟ್ಟಿಗೆಗಳನ್ನು ಮೇಜಿನ ಮೇಲೆ ಜೋಡಿಸಿ ಅದನ್ನೇ ಮಾಡಿದಳು. ಅಲ್ಲೂ ದೀಪ ಕೆಂಪಾಯಿತು. ಅಷ್ಟು ದಿನ ಅವಳು ಈ ಒಂದು ಕೆಲಸ ಮಾಡಿರಲಿಲ್ಲ. ಲೆಕ್ಕವನ್ನಷ್ಟೇ ಪರೀಕ್ಷಿಸಿದ್ದಳು. ದೊಡ್ಡ ಸಂಖ್ಯೆ ಕೊಟ್ಟರೆ ಅದು ಮಿತಿಯಲ್ಲಿ ನಿಲ್ಲುತ್ತದೋ ಇಲ್ಲವೋ ಎಂದು ನೋಡಿ, ನಿಂತಿತು ಎಂದು ಮುಗಿಸಿದ್ದಳು.

ತಾನು ಬರೆದದ್ದನ್ನು ಒಂದೊಂದೇ ಸಾಲು ಬೆರಳಿಟ್ಟು ಓದಿದಳು. ಮಿತಿಯಲ್ಲಿ ನಿಲ್ಲಿಸಿದ ನಂತರದ ಸಾಲಿನಲ್ಲಿ ಒಂದನ್ನು ಕೂಡಿಸಿದ್ದಳು. ಈ ಒಂದು ಬೇಕಾದದ್ದೇ. ಕಾಯುವುದು ಒಂದು ಬಡಿತದ ನಡುವೆ ಶುರುವಾದರೆ ಹೇಳಿದ್ದಕ್ಕಿಂತ ಚೂರು ಮೊದಲೇ ಮುಗಿದುಹೋಗುತ್ತದೆ. ಹಾಗಾಗದಿರಲಿ ಎಂದು ಒಂದು ಬಡಿತ ಹೆಚ್ಚು ಹಾಕುವುದು ರೂಢಿ. ಆದರೆ ಅದನ್ನು ಕೂಡಿಸಿದ ಮೇಲೆ ಮಿತಿ ನೋಡಬೇಕಿತ್ತು. ಅವಳು ಮಿತಿ ನೋಡಿ, ತುಂಬಿ ನಿಂತ ಸಂಖ್ಯೆಯ ಮೇಲೆ ಒಂದನ್ನು ಇಟ್ಟಿದ್ದಳು. ಆ ಒಂದಕ್ಕೇ ಸಂಖ್ಯೆ ತಿರುಗಿ ಸೊನ್ನೆಯ ಕೆಳಗೆ ಬಿದ್ದಿತ್ತು.

ಮೊದಲು ಬರೆದಾಗ ಅವಳು ಒಂದನ್ನು ಮುಂಚೆಯೇ ಕೂಡಿಸಿದ್ದಳು. ಪರೀಕ್ಷೆ ಮುಗಿದ ಮೇಲೆ, ನೋಡಲು ಚೆನ್ನಾಗಿಲ್ಲ ಎನಿಸಿ ಕೆಳಗೆ ಇಳಿಸಿದ್ದಳು, ಮತ್ತೆ ಪರೀಕ್ಷಿಸಿರಲಿಲ್ಲ. ಯಾಕೆ ಚೆನ್ನಾಗಿಲ್ಲ ಎನಿಸಿತು ಎಂಬುದು ಅವಳಿಗೆ ಈಗ ಹೊಳೆಯಿತು. ನಮ್ಮ ಕಡೆ ಮದುವೆಗೆ ಮುಯ್ಯಿ ಮಾಡುವಾಗ ಸೊನ್ನೆಯಲ್ಲಿ ಮುಗಿಸುವುದಿಲ್ಲ. ಕೊಡುವುದನ್ನೆಲ್ಲ ಕವರಿಗೆ ಹಾಕಿದ ಮೇಲೆ ಕಡೆಗೆ ಒಂದು ರೂಪಾಯಿ ಇಡುತ್ತಾರೆ. ಕೆಂಚಕ್ಕ ಆ ನಾಣ್ಯವನ್ನು ಚಿಕ್ಕಂದಿನಿಂದ ಮಗಳ ಕೈಯಿಂದಲೇ ಇಡಿಸುತ್ತಿದ್ದಳು. ಮೊದಲು ಪೂರ್ತಿ ಆಗಬೇಕು, ಆಮೇಲೆ ಮೇಲೊಂದು ಎಂಬ ಕ್ರಮ ಅವಳ ಕೈಗೆ ಹತ್ತಿತ್ತು. ಇದನ್ನು ನೆಪವಾಗಿ ಹೇಳಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ. ಕೈಯ ಅಭ್ಯಾಸ ಲೆಕ್ಕ ತಪ್ಪಿಸಿತು ಎನ್ನಬಹುದು. ಕೇಬಲ್ ಗಟ್ಟಿ ಇರಬೇಕು ಎಂದದ್ದು ಕೈ ಅಲ್ಲ.

ಆ ಒಂದು ಸಾಲನ್ನು ಮೇಲಕ್ಕೆ ತಂದಳು. ಪೆಟ್ಟಿಗೆಗಳಲ್ಲಿ ಹಾಕಿ ನೋಡಿದಳು, ದೀಪ ಹಸಿರಾಗಿಯೇ ಉಳಿಯಿತು. ಹೊರದೇಶದ ಗುಂಪಿಗೆ, ನನ್ನ ಹಿಂದಿನ ತಿದ್ದುಪಡಿ ತಪ್ಪಾಗಿದೆ, ತಪ್ಪು ಇಂಥಲ್ಲಿದೆ ಎಂದು ಎಲ್ಲರೂ ಓದುವ ಕಡೆ ಬರೆದಳು. ಒಬ್ಬರು ಧನ್ಯವಾದ ಎಂದು ಉತ್ತರಿಸಿದರು. ಅದು ಅವಳಿಗೆ ಅಷ್ಟು ಕಷ್ಟವೆನಿಸಲಿಲ್ಲ. ಅಲ್ಲಿದ್ದವರಿಗೆ ರಿಯಾಜ್ ಯಾರೆಂದು ಗೊತ್ತಿರಲಿಲ್ಲ.

ಮಹಾಂತೇಶ್ ಬಂದಾಗ ಎಲ್ಲವನ್ನೂ ಹೇಳಿ, "ಇವತ್ತಿನ ಕಾರ್ಯಕ್ರಮ ಬ್ಯಾಡ ಸರ್" ಎಂದಳು.

ಅವನು ಕುರ್ಚಿಯಲ್ಲಿ ಕೂತು ಮುಖ ಒರೆಸಿಕೊಂಡ. "ಸರಿ ಮಾಡೀಯಲ್ಲ, ಮುಗೀತು. ಪೇಟ ಬಂದೈತೆ, ಹಣ್ಣಿನ ಬುಟ್ಟಿ ಬಂದೈತೆ. ನಿಮ್ಮಪ್ಪ ಟೆಂಪೊದಾಗೆ ಅರ್ಧ ಊರನ್ನೇ ಕರ್ಕಂಡು ಹೊರಟಾನೆ. ಹರಿಹರದ್ದು ಸೋಮವಾರ ನೋಡಾನ."

"ಇವತ್ತು ಸಂಜೆ ಮೇಷ್ಟ್ರು ರಿಯಾಜಣ್ಣನ ಕೆಲಸನ ಬೇರೇರಿಗೆ ಕೊಡ್ತಾರಂತೆ ಸರ್."

"ಒಂದು ಶಾಲು ಹೊದ್ಕಂಡು ಹೋಗಾಕೆ ಎಷ್ಟೊತ್ತಾಗ್ತೈತಮ್ಮ" ಎಂದ ಮಹಾಂತೇಶ್. ಅವನಿಗೂ ಬೇಸರವಾಗಿತ್ತು, ಆದರೆ ಮಾವನಿಗೆ ಏನು ಹೇಳಬೇಕು ಎಂಬುದೇ ಅವನಿಗೆ ಮುಂದಾಗಿ ಕಾಣುತ್ತಿತ್ತು.

ಮಧ್ಯಾಹ್ನ ಸಭಾಂಗಣದ ಮುಂದಿನ ಸಾಲಿನಲ್ಲಿ ತಿಪ್ಪೇರುದ್ರಪ್ಪ ಹೊಸ ಬಿಳಿ ಅಂಗಿ ಹಾಕಿ ಕೂತಿದ್ದ. ಬಕ್ಕೇಶಪ್ಪನವರು ಮೈಕಿನಲ್ಲಿ, "ಪ್ರಪಂಚದ ಕಂಪ್ಯೂಟರುಗಳ ಗಡಿಯಾರವೆಲ್ಲ ಉಕ್ಕಿ ಹಾಳಾಗಿ ಹೋಗೋದಿತ್ತು. ಅಮೆರಿಕದವರ ಕೈಲೂ ಆಗಲಿಲ್ಲ. ತಡೆದವಳು ನಮ್ಮ ಲೋಕಿಕೆರೆ ಹುಡುಗಿ" ಎಂದರು. ಪೇಟ ತೊಡಿಸಿದರು, ಅದು ದೊಡ್ಡದಾಗಿ ಅವಳ ಕಿವಿಯ ಮೇಲೆ ಕೂತಿತು. ಶಾಲು ಹೊದಿಸಿ ಎರಡು ಮಾತಾಡಲು ಹೇಳಿದರು.

ಸುಧಾ ಮೈಕಿನ ಮುಂದೆ ನಿಂತಳು. "ನಾನು ಮಾಡಿದ್ದರಲ್ಲಿ ತಪ್ಪಿತ್ತು" ಎಂದಳು. "ತಡೆಯಬೇಕಾದ್ದನ್ನು ನಾನು ತಡೆದಿರಲಿಲ್ಲ. ಇವತ್ತು ಬೆಳಿಗ್ಗೆ ಗೊತ್ತಾಯಿತು. ನನ್ನ ತಪ್ಪನ್ನು ಬೇರೆಯವರ ಮೇಲೆ ಹಾಕಿದ್ದೆ. ಈ ಶಾಲಿಗೆ ನಾನು ಯೋಗ್ಯಳಲ್ಲ."

ಬಕ್ಕೇಶಪ್ಪನವರು ಎದ್ದು ಮೈಕಿಗೆ ಬಾಗಿದರು. "ನೋಡ್ರಿ, ಇದಕ್ಕೆ ವಿನಯ ಅಂತಾರೆ. ಇಷ್ಟು ಮಾಡಿಯೂ ನಾನೇನೂ ಮಾಡಿಲ್ಲ ಅಂತಾಳೆ ನಮ್ಮ ಹುಡುಗಿ." ಸಭೆ ಚಪ್ಪಾಳೆ ತಟ್ಟಿತು. ಹಿಂದಿನ ಸಾಲಿನವರು ಎದ್ದು ನಿಂತು ತಟ್ಟಿದರು. ಲೋಕಿಕೆರೆಯ ಒಬ್ಬ ಅಜ್ಜಿ ಕಣ್ಣೊರೆಸಿಕೊಂಡಳು. ಸುಧಾ ಮತ್ತೆ ಬಾಯಿ ತೆರೆದಳು. ಆದರೆ ಅಷ್ಟರಲ್ಲಿ ಹಣ್ಣಿನ ಬುಟ್ಟಿಯನ್ನು ಅವಳ ಕೈಗೆ ಇಟ್ಟು ಫೋಟೊ ತೆಗೆಯುವವನ ಕಡೆ ತಿರುಗಿಸಿದರು. ಶಾಲಿನ ಒಳಗೆ ಅವಳು ಬೆವರಿ ಹೋಗಿದ್ದಳು.

ಕೆಳಗಿಳಿದಾಗ ಊಟದ ಸಾಲಿನ ಹತ್ತಿರ ಅಪ್ಪ ಅವಳನ್ನು ಗೋಡೆಯ ಕಡೆ ಕರೆದ. ಅವನೊಬ್ಬ ಚಪ್ಪಾಳೆ ತಟ್ಟಿರಲಿಲ್ಲ.

"ನೀನು ಹೇಳಿದ್ದು ವಿನಯಾನೋ, ಖರೇನೋ?"

"ಖರೇ ಅಪ್ಪ."

"ಯಾರ್ ಮೇಲೆ ಹಾಕಿದ್ದೆ?"

ಅವಳು ಹೇಳಿದಳು. ಮಣ್ಣು ಅಗೆಸಿದ್ದು, ಬೆರಳಿನ ಪಟ್ಟಿ, ಕೊಟ್ಟೂರಪ್ಪನವರಿಗೆ ಹೇಳಿದ ಮಾತು, ಆಫೀಸಿನವರು ನಕ್ಕದ್ದು, ಎಲ್ಲ. ತಿಪ್ಪೇರುದ್ರಪ್ಪ ನೆಲ ನೋಡುತ್ತ ಕೇಳಿದ. ಊರಿನವರು ಅತ್ತಿತ್ತ ಹೋಗುತ್ತ ಅವನಿಗೆ ಕೈ ಮುಗಿಯುತ್ತಿದ್ದರು, ಅವನು ತಿರುಗಿ ಮುಗಿಯಲಿಲ್ಲ.

"ಹರಿಹರಕ್ಕೆ ಬಸ್ ಇದಾವಲ್ಲ" ಎಂದ.

"ನೀನೂ ಬಾ ಅಪ್ಪ."

"ನಾ ಬಂದ್ರೆ ನನ್ನ ಮುಖ ನೋಡಿ ಅವ್ನು ನಿನ್ನ ಬೈಯಂಗಿಲ್ಲ. ಒಬ್ಳೇ ಹೋಗು."

ಪೇಟವನ್ನೂ ಬುಟ್ಟಿಯನ್ನೂ ಅವನೇ ತೆಗೆದುಕೊಂಡ. ಶಾಲನ್ನು ಅವಳು ಲ್ಯಾಪ್‌ಟಾಪಿನ ಚೀಲದಲ್ಲಿ ತುರುಕಿದಳು. ಬಸ್ಸಿನಲ್ಲಿ, ದಾರಿಯ ಬಾತಿ ಊರು ದಾಟುವವರೆಗೂ ಏನು ಹೇಳಬೇಕೆಂದು ಜೋಡಿಸಿಕೊಂಡಳು. ಜೋಡಿಸಿದ್ದರಲ್ಲೆಲ್ಲ 'ಆದರೆ' ಎಂಬ ಪದ ಬರುತ್ತಿತ್ತು. ಅದನ್ನು ತೆಗೆದರೆ ಉಳಿಯುವುದು ಬಹಳ ಚಿಕ್ಕದಾಗಿತ್ತು.

ಟ್ಯಾಂಕಿನ ಪೆಟ್ಟಿಗೆಯನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿ ಬಂದು, ಮೋಟರ್ ಮನೆಯಲ್ಲಿ ರಿಯಾಜ್ ತನ್ನ ಸಾಮಾನುಗಳನ್ನು ಚೀಲಕ್ಕೆ ತುಂಬುತ್ತಿದ್ದ. ಕೀ ಕೊಟ್ಟು ಹೋಗು ಎಂದು ಕೊಟ್ಟೂರಪ್ಪನವರು ಹೇಳಿಯಾಗಿತ್ತು. ಅವರೂ ಬಾಗಿಲ ಹೊರಗೆ ಕಟ್ಟೆಯ ಮೇಲೆ ಕೂತಿದ್ದರು. ಸುಧಾಳನ್ನು ಕಂಡು ರಿಯಾಜ್ ಕೈ ನಿಲ್ಲಿಸಿದ. ಬರ್ರಿ ಎನ್ನಲಿಲ್ಲ.

"ರಿಯಾಜಣ್ಣ, ತಪ್ಪು ನಂದು. ಪೆಟ್ಟಿಗೆ ಒಳಗೆ ನಾನು ಬರ್ದಿದ್ರಾಗೆ ತಪ್ಪಿತ್ತು" ಎಂದಳು.

"ಹಂಗಾರೆ ಕೇಬಲ್?"

"ಸರಿ ಇತ್ತು."

"ಈಗ ಹಾಕಿದ್ದೋ, ಮೊದ್ಲು ಹಾಕಿದ್ದೋ?"

"ಮೊದ್ಲು ಹಾಕಿದ್ದೂ ಸರಿ ಇತ್ತು."

"ಕೇಬಲ್ ಗಟ್ಟಿ ಇರ್ಬೇಕು ಅಂದ್ರಲ್ಲ?"

"ಅದು ನಾನು ಸುಳ್ಳು ಹೇಳಿದ್ದು."

ರಿಯಾಜ್ ಬಾಗಿಲ ಕಡೆ ಕೈ ತೋರಿಸಿದ. "ಇಷ್ಟು ಮೆತ್ತಗೆ ಹೇಳಿದ್ರೆ ಹೊರಗೆ ಕೂತೋರಿಗೆ ಕೇಳಂಗಿಲ್ಲ ಮೇಡಂ" ಎಂದ. "ಅವತ್ತು ನಿಮ್ಮ ಆಫೀಸ್‌ನೋರು ನಕ್ಕಿದ್ದು ನಂಗೆ ಇಲ್ಲಿಗಂಟ ಕೇಳ್ಸಿತ್ತು."

ಅವಳು ಕಟ್ಟೆಯ ಹತ್ತಿರ ಹೋಗಿ ಅದೇ ಮಾತುಗಳನ್ನು ಕೊಟ್ಟೂರಪ್ಪನವರಿಗೆ ಗಟ್ಟಿಯಾಗಿ ಹೇಳಿದಳು. ದಾರಿಯಲ್ಲಿ ಕೊಡ ಹೊತ್ತು ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತು ಕೇಳಿದರು. ಕೊಟ್ಟೂರಪ್ಪನವರು ಕನ್ನಡಕ ತೆಗೆದರು.

"ಮೊನ್ನೆ ನೀನೇ ಅಲ್ಲೇನಮ್ಮ ನಮ್ಮ ಕಡೆ ತಪ್ಪಿಲ್ಲ ಅಂದಿದ್ದು? ನೋಡಿ ಹೇಳ್ತೀನಿ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ನೋಡದೇ ಹೇಳ್ದೆ ಸರ್."

"ನೋಡದೇ ಹೇಳಿದ್ದಕ್ಕೆ ನಾನು ಅವ್ರಪ್ಪನ್ನೂ ಎಳ್ದು ಮಾತಾಡ್ದೆ" ಎಂದು ಅವರು ರಿಯಾಜ್‌ನ ಕಡೆ ತಿರುಗಿದರು. "ಏನಪ್ಪ, ಉಳಿದ ಟ್ಯಾಂಕೂ ನೀನೇ ಮಾಡ್ತೀಯೋ?"

"ಮೊದ್ಲು ಇದು ಓಡ್ಲಿ ಮೇಷ್ಟ್ರೇ" ಎಂದ ರಿಯಾಜ್. "ಆಮೇಲೆ ಹೇಳ್ತೀನಿ."

ಸುಧಾ ನೆಲದ ಮೇಲೆ ಕೂತು ತಿದ್ದಿದ್ದನ್ನು ಪೆಟ್ಟಿಗೆಗೆ ಹಾಕಿದಳು. ಎದ್ದು, "ಈಗ ಒತ್ರಿ" ಎಂದಳು. ರಿಯಾಜ್ ಒತ್ತಿದ. ದೀಪ ಹಸಿರಾಗಿಯೇ ಇತ್ತು. ಅವನಿಗೆ ಅಷ್ಟು ಸಾಲಲಿಲ್ಲ. ಟ್ಯಾಂಕಿನ ಕಾವಲುಗಾರನಿಗೆ ಫೋನ್ ಮಾಡಿ ಅಲ್ಲಿಯ ಮೇನ್ ಸ್ವಿಚ್ ತೆಗೆಸಿದ. ಇನ್ನು ಆ ಕಡೆಯಿಂದ ಉತ್ತರ ಬರುವಂತಿರಲಿಲ್ಲ. ಈ ಪೆಟ್ಟಿಗೆ ಕಾಯಬೇಕು. ಕಾಯುತ್ತದೋ ಇಲ್ಲವೋ ನೋಡಬೇಕು.

ದೀಪ ಹಸಿರಾಗಿತ್ತು.

"ಸರಿ ಆತಲ್ಲ ರಿಯಾಜಣ್ಣ" ಎಂದಳು ಸುಧಾ, ಸ್ವಲ್ಪ ಹೊತ್ತಿನ ಮೇಲೆ.

"ನೀವು ಹೇಳಿದ್ದು ಹಿಂದೆನೂ ಕೇಳೀನಿ ಮೇಡಂ. ಇನ್ನೂ ನೋಡಾನ."

ಕೊಟ್ಟೂರಪ್ಪನವರು ಒಳಗೆ ಬಂದು ಇಣುಕಿದರು. ರಿಯಾಜ್ ಚೀಲವನ್ನು ಮತ್ತೆ ಬಿಚ್ಚಿರಲಿಲ್ಲ, ಹೆಗಲಿಗೂ ಹಾಕಿರಲಿಲ್ಲ. ಪೆಟ್ಟಿಗೆಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತಿದ್ದ. ಸುಧಾ ಗೋಡೆಗೆ ಒರಗದೆ ಅವನ ಹಿಂದೆ ನಿಂತಳು. ಹೊರಗೆ ಹೊಳೆಯ ಮೇಲೆ ಬೆಳಕು ಕಡಿಮೆಯಾಗುತ್ತಿತ್ತು. ದಾವಣಗೆರೆಗೆ ಬಸ್ಸು ಯಾವಾಗ ಎಂದು ಅವಳು ಯಾರನ್ನೂ ಕೇಳಲಿಲ್ಲ.